ದ್ರೌಪದಮ್ಮನವರ ಹೆಸರನ್ನು ಜೀಪಿನಿಂದ ಕೂಗಿದ ಮಾನ್ಯರಿಗೆ

ಕೊಡಿಗೇಹಳ್ಳಿ, ಬೆಂಗಳೂರು ಉತ್ತರ ತಾಲ್ಲೂಕು
೧೯೬೮, ಯುಗಾದಿ ಕಳೆದ ವಾರ

ಸೌಭಾಗ್ಯೋದಯ ಸಹಾಯಾರ್ಥ ಲಾಟರಿ ಸಮಿತಿಯ ಪ್ರಚಾರಾಧಿಕಾರಿಗಳವರ ಸನ್ನಿಧಾನಕ್ಕೆ,

ಮಾನ್ಯರೇ,

ಮೊದಲಿಗೆ ತಮಗೂ, ತಮ್ಮ ಮನೆಯವರಿಗೂ, ತಮ್ಮ ಹಸಿರು ಜೀಪಿಗೂ, ಆ ಜೀಪಿನ ನೆತ್ತಿಯ ಮೇಲೆ ಎರಡು ದಿಕ್ಕಿಗೆ ಬಾಯಿ ತೆರೆದು ಕೂತಿರುವ ಧ್ವನಿವರ್ಧಕಗಳಿಗೂ ಕೊಡಿಗೇಹಳ್ಳಿಯ ಸಮಸ್ತರ ನಮಸ್ಕಾರಗಳು. ತಾವೆಲ್ಲರೂ ಆರೋಗ್ಯವಾಗಿರುವಿರೆಂದು ನಂಬಿದ್ದೇವೆ. ಧ್ವನಿವರ್ಧಕಗಳ ಆರೋಗ್ಯದ ಬಗ್ಗೆಯಂತೂ ನಮಗೆ ಸಂಶಯವೇ ಇಲ್ಲ. ಮಾಘಮಾಸದಲ್ಲಿ ಅವು ನಮ್ಮ ಊರಿಗೆ ದಯಮಾಡಿಸಿದ ದಿನ ಕೆರೆಯಂಗಳದಲ್ಲಿ ಮೇಯುತ್ತಿದ್ದ ಎಮ್ಮೆಗಳು ಗೂಟ ಕಿತ್ತುಕೊಂಡು ಹೆಬ್ಬಾಳದ ಕಡೆಗೆ ಓಡಿದವು, ಜಕ್ಕೂರಿನ ಮೈದಾನದಿಂದ ಎದ್ದು ತಲೆಯ ಮೇಲೆ ಸುತ್ತುತ್ತಿದ್ದ ತರಬೇತಿ ವಿಮಾನದ ಸದ್ದು ಆವತ್ತು ಯಾರ ಕಿವಿಗೂ ಬೀಳಲಿಲ್ಲ.

ಈ ಪತ್ರವನ್ನು ಅಂಟು ಹಚ್ಚಿದ ಲಕೋಟೆಯಲ್ಲಿ ಕಳಿಸಬಹುದಾಗಿತ್ತು. ಆದರೆ ತಾವು ಯಾರ ಸಂಗತಿಯನ್ನೂ ಮುಚ್ಚಿಡುವವರಲ್ಲ ಎಂಬುದು ಗೊತ್ತಾದ ಮೇಲೆ, ತಮ್ಮೊಡನೆ ಗುಟ್ಟಾಗಿ ಪತ್ರ ವ್ಯವಹಾರ ಮಾಡಿದರೆ ತಮ್ಮ ತತ್ವಕ್ಕೆ ಅವಮಾನವಾದೀತೆಂದು ಹೆದರಿ, ನಾಲ್ಕು ಜನ ಓದುವ ಹಾಗೆಯೇ ಬರೆಯುತ್ತಿದ್ದೇನೆ. ನಾನು ಹೆಬ್ಬಾಳ ಸುತ್ತಿನ ಸೊಪ್ಪುತೋಟದ ಗೇಣಿದಾರರ ಸಂಘದ ಕಾರ್ಯದರ್ಶಿ. ಪರರ ನೆಲದಲ್ಲಿ ದಂಟು, ಮೆಂತ್ಯ, ಸಬ್ಬಸಿಗೆ ಬೆಳೆದು, ಬೆಳೆದದ್ದರಲ್ಲಿ ಒಂದು ಪಾಲನ್ನು ನೆಲದ ಯಜಮಾನರಿಗೆ ಅಳೆದು, ಮಿಕ್ಕದ್ದನ್ನು ತಲೆಯ ಮೇಲೆ ಹೊತ್ತು ಶಿವಾಜಿನಗರದ ಮಾರ್ಕೆಟ್ಟಿಗೆ ಹೋಗುವ ಹೆಂಗಸರು ಗಂಡಸರೇ ನಮ್ಮ ಸಂಘ. ನಮ್ಮ ಸಂಘಕ್ಕೆ ಜೀಪಿಲ್ಲ, ಮೈಕಿಲ್ಲ. ಆದ್ದರಿಂದ ನಮ್ಮ ಮಾತು ತಮ್ಮವರೆಗೆ ತಲುಪುವುದು ಸ್ವಲ್ಪ ತಡವಾಯಿತು, ಕ್ಷಮಿಸಬೇಕು.

ವಿಷಯ ದ್ರೌಪದಮ್ಮನವರದು. ತಾವು ಸಾವಿರಾರು ಭಾಗ್ಯವಂತರನ್ನು ಕಾಣುವವರು, ಮರೆತಿರಬಹುದು. ತಮ್ಮ ಲಾಟರಿಯ ಎರಡನೆಯ ಬಹುಮಾನ, ಹತ್ತು ಸಾವಿರ ರೂಪಾಯಿ, ಸಂಕ್ರಾಂತಿಯಾದ ಮೇಲಿನ ಡ್ರಾದಲ್ಲಿ ಇವರಿಗೆ ಬಂತು. ಲಾಟರಿ ಟಿಕೆಟ್ಟು ಕೊಳ್ಳಬೇಕೆಂಬ ಆಸೆ ಈ ಹೆಂಗಸಿಗೆ ಇರಲಿಲ್ಲ ಎಂಬುದನ್ನು ತಮ್ಮ ಮುಂದೆ ಹೇಳುವುದಕ್ಕೆ ಸಂಕೋಚವಾಗುತ್ತದೆ. ಮಾರ್ಕೆಟ್ಟಿನಲ್ಲಿ ತಮ್ಮ ಏಜೆಂಟೊಬ್ಬರು ಮನೆಗೆ ನಾಲ್ಕು ಕಟ್ಟು ಸೊಪ್ಪು ಕೊಂಡು, ಚಿಲ್ಲರೆ ಇಲ್ಲವೆಂದು ಒಂದು ಟಿಕೆಟ್ಟನ್ನು ಇವರ ಬುಟ್ಟಿಯೊಳಗೆ ಹಾಕಿ, ಹೆಸರು, ಗಂಡನ ಹೆಸರು, ಊರು ಕೇಳಿ ಬರೆದುಕೊಂಡು ಹೋಗಿದ್ದರು. ಪಕ್ಕದಲ್ಲಿ ಕೂತು ಪುದೀನ ಮಾರುವ ಮೆಹಬೂಬ್ ಬೀ, ಸೊಪ್ಪಾದರೆ ಸಂಜೆಗೆ ಬಾಡುತ್ತದೆ, ಈ ಕಾಗದ ಎಷ್ಟು ದಿನ ತಡೆಯುತ್ತದೋ ನೋಡೋಣ ಎಂದು ನಕ್ಕಿದ್ದರಂತೆ. ಕಾಗದ ತಡೆಯಿತು. ಬಹುಮಾನ ಬಂತು. ಬಡವರ ಮಡಿಲಿನಿಂದ ಒಂದೊಂದೇ ರೂಪಾಯಿ ಎತ್ತಿ, ರಾಶಿ ಮಾಡಿ, ಅದರಲ್ಲೊಂದು ಹಿಡಿಯನ್ನು ಒಬ್ಬರ ಮಡಿಲಿಗೆ ಹಾಕಿ ಅದಕ್ಕೆ ಭಾಗ್ಯ ಎಂದು ಹೆಸರಿಡುವ ತಮ್ಮ ಸಮಿತಿಯ ಜಾಣತನದ ಬಗ್ಗೆ ನಮ್ಮ ಸಂಘಕ್ಕೆ ಬೇರೆ ಅಭಿಪ್ರಾಯವಿದೆ. ಅದನ್ನು ಇನ್ನೊಂದು ಪತ್ರದಲ್ಲಿ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುತ್ತೇನೆ. ಬಂದದ್ದು ಬಂತು, ಬಂದವರು ಅದಕ್ಕೆ ಯೋಗ್ಯರು. ಅಷ್ಟರಮಟ್ಟಿಗೆ ನಂಬರು ಎತ್ತುವ ತಮ್ಮ ಚಕ್ರ ತಪ್ಪು ಮಾಡಲಿಲ್ಲ.

ಈಗ ಒಂದು ಟವೆಲ್ಲಿನ ಕಥೆ ಹೇಳಬೇಕು, ತಾಳ್ಮೆಯಿರಲಿ. ದ್ರೌಪದಮ್ಮನವರು ಮದುವೆಯಾಗಿ ಬಂದಾಗಿನಿಂದಲೂ ಬೇಸಾಯ ಮಾಡುತ್ತಿರುವ ಅರ್ಧ ಎಕರೆ ತೋಟ, ಅದರ ಮೂಲೆಯ ಬಾವಿ ಸಮೇತ, ಯಲಹಂಕದ ನರಸಿಂಹಯ್ಯನವರಿಗೆ ಸೇರಿದ್ದು. ಗಂಡ ತೀರಿಕೊಂಡ ಮೇಲೂ ಈಕೆ ಬಿಡಲಿಲ್ಲ. ತಾನೇ ಏತ ತುಳಿದು ನೀರು ಎತ್ತಿದರು, ತಾನೇ ಮಡಿ ಕಟ್ಟಿದರು. ಗೇಣಿ ಕೊಟ್ಟದ್ದಕ್ಕೆ ನರಸಿಂಹಯ್ಯನವರು ಯಾವತ್ತೂ ರಸೀತಿ ಬರೆದವರಲ್ಲ, ಈಕೆ ಕೇಳಿದವರಲ್ಲ. ಕೇಳಿದರೆ ಮುಂದಿನ ವರ್ಷ ತೋಟ ಇರುವುದಿಲ್ಲ ಎಂಬುದು ನಮ್ಮ ಕಡೆ ಹಾಲು ಕುಡಿಯುವ ಕೂಸಿಗೂ ಗೊತ್ತು. ಕಳೆದ ದೀಪಾವಳಿಯಲ್ಲಿ ನರಸಿಂಹಯ್ಯನವರಿಗೆ ಯಲಹಂಕದ ಮನೆಗೆ ತಾರಸಿ ಹಾಕಿಸುವ ಮನಸ್ಸಾಗಿ, ತೋಟವನ್ನು ಈಕೆಗೇ ಮಾರುವುದೆಂದು ಮಾತಾಯಿತು. ದಲ್ಲಾಳಿ ವೆಂಕಟಸ್ವಾಮಿ ನಡುವೆ ಕೂತರು.

ನಮ್ಮ ಕಡೆ ಎತ್ತಿಗಾಗಲಿ ತುಂಡು ನೆಲಕ್ಕಾಗಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ ಎಂಬುದು ಪ್ರಚಾರವೇ ಉದ್ಯೋಗವಾಗಿರುವ ತಮಗೆ ವಿಚಿತ್ರವಾಗಿ ಕಾಣಬಹುದು. ದಲ್ಲಾಳಿ ಹೆಗಲ ಮೇಲಿನ ಟವೆಲ್ಲು ತೆಗೆದು ಇಬ್ಬರ ಕೈ ಮೇಲೂ ಹೊದೆಸುತ್ತಾನೆ. ಅದರ ಅಡಿಯಲ್ಲಿ ಬೆರಳು ಬೆರಳನ್ನು ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಸುತ್ತ ನಿಂತವರಿಗೆ ಕಾಣುವುದು ಬಟ್ಟೆ ಅಲುಗುವುದು ಮಾತ್ರ. ಕೊಡುವವನಿಗೆ ಎಷ್ಟು ಗರಜು ಇತ್ತು, ಕೊಳ್ಳುವವನ ಹತ್ತಿರ ಎಷ್ಟು ಗಂಟಿತ್ತು, ಎರಡೂ ಆ ಬಟ್ಟೆಯ ಅಡಿಯಲ್ಲೇ ಉಳಿಯುತ್ತವೆ. ಇಬ್ಬರೂ ಮಾನವಾಗಿ ಎದ್ದು ಹೋಗುತ್ತಾರೆ. ಹೆಂಗಸರ ಕೈಯನ್ನು ಟವೆಲ್ಲಿನ ಅಡಿ ಹಿಡಿಯುವ ಪದ್ಧತಿಯಿಲ್ಲವಾದ್ದರಿಂದ ದ್ರೌಪದಮ್ಮನವರ ಪರವಾಗಿ ವೆಂಕಟಸ್ವಾಮಿಯೇ ನರಸಿಂಹಯ್ಯನವರ ಬೆರಳು ಹಿಡಿದು ನಾಲ್ಕು ಸಾವಿರಕ್ಕೆ ಕುದುರಿಸಿದರು. ಯುಗಾದಿಗೆ ಹಣ, ಯುಗಾದಿ ಕಳೆದ ಸೋಮವಾರ ರಿಜಿಸ್ಟ್ರಿ. ಈಕೆಯ ಹತ್ತಿರ ಆಗ ಇದ್ದದ್ದು ಅದರಲ್ಲಿ ಅರ್ಧ. ಮಿಕ್ಕದ್ದಕ್ಕೆ ಕೊರಳಿನ ಚಿನ್ನವನ್ನು ಮಾರುವುದೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದರು.

ಇಂಥ ಹೊತ್ತಿನಲ್ಲಿ ತಮ್ಮ ಬಹುಮಾನ ಬಂತು. ಸುಮ್ಮನೆ ಒಂದು ಕಾಗದ ಬರೆದು ಕರೆಸಿಕೊಂಡು ಹಣ ಕೊಟ್ಟಿದ್ದರೆ ಈ ಪತ್ರ ಬರೆಯುವ ಸೌಭಾಗ್ಯ ನನಗೆ ಒದಗುತ್ತಿರಲಿಲ್ಲ. ದ್ರೌಪದಮ್ಮನವರು ಯುಗಾದಿಗೆ ನಾಲ್ಕು ಸಾವಿರ ಎಣಿಸಿಕೊಟ್ಟು, ಹೆಬ್ಬೆಟ್ಟು ಒತ್ತಿ, ತನ್ನ ನೆಲದಲ್ಲಿ ತಾನು ಮೆಂತ್ಯದ ಬೀಜ ಎರಚುತ್ತಿದ್ದರು. ಇಡೀ ಭೂಮಂಡಲದಲ್ಲಿ ಯಾರಿಗೂ ಇದರಿಂದ ನಷ್ಟವಾಗುತ್ತಿರಲಿಲ್ಲ. ಬಹುಶಃ ಅದೇ ತಮಗೆ ಸರಿಬರಲಿಲ್ಲ.

ತಾವು ಕಾಗದ ಬರೆಯಲಿಲ್ಲ, ಜೀಪಿನಲ್ಲಿ ಬಂದಿರಿ. ಹೆಬ್ಬಾಳದ ರೈಲ್ವೆ ಗೇಟಿನಿಂದಲೇ ಶುರುಮಾಡಿದಿರಿ. ಕೊಡಿಗೇಹಳ್ಳಿಯ ದಿವಂಗತ ಚಿಕ್ಕಹನುಮಯ್ಯನವರ ಹೆಂಡತಿ, ಸೊಪ್ಪು ಮಾರುವ ಶ್ರೀಮತಿ ದ್ರೌಪದಮ್ಮನವರಿಗೆ ಹತ್ತು ಸಾವಿರ ಬಹುಮಾನ, ಹತ್ತು ಸಾವಿರ, ಹತ್ತು ಸಾವಿರ ಎಂದು ಪ್ರತಿ ತಿರುವಿನಲ್ಲೂ ನಿಲ್ಲಿಸಿ ಸಾರಿದಿರಿ. ಊರಿನ ಹೆಂಗಸೊಬ್ಬರ ಗಂಡನ ಹೆಸರು, ಕಸುಬು, ಮನೆಯ ಗುರುತು, ಬಂದ ಮೊತ್ತ ಎಲ್ಲವನ್ನೂ ಇಷ್ಟು ಸ್ಪಷ್ಟವಾಗಿ, ಇಷ್ಟು ಮಧುರವಾಗಿ ಕಳ್ಳಕಾಕರಿಗೂ ತಿಳಿಯುವಂತೆ ಉಚ್ಚರಿಸಿದ ಕಂಠವನ್ನು ನಾವು ಹಿಂದೆ ಕೇಳಿರಲಿಲ್ಲ. ದ್ರೌಪದಮ್ಮನವರು ಆಗ ಬಾವಿಯ ಹತ್ತಿರ ಇದ್ದರು. ತನಗೆ ಹಣ ಬಂದ ಸುದ್ದಿ ಕೊನೆಗೆ ತಲುಪಿದ್ದು ಅವರಿಗೇ. ಆಮೇಲೆ ನನ್ನ ಹತ್ತಿರ ಬಂದು ಅವರು ಕೇಳಿದ್ದು ಒಂದೇ ಮಾತು: “ಅಣ್ಣಾ, ದುಡ್ಡು ಬಂದಿದ್ದು ನಂಗಲ್ವಾ, ಊರಿಗ್ಯಾಕೆ ಮೊದ್ಲು ಯೋಳಿದ್ರು?”

ತಮ್ಮ ಜೀಪು ತಿರುಗಿ ಹೋದ ಧೂಳು ಇನ್ನೂ ಕೂತಿರಲಿಲ್ಲ, ನಾಲ್ಕು ಸಾವಿರದ ಮಾತು ಇನ್ನಿಲ್ಲವೆಂದು ನರಸಿಂಹಯ್ಯನವರು ವೆಂಕಟಸ್ವಾಮಿಗೆ ಹೇಳಿಕಳಿಸಿದರು. ದಲ್ಲಾಳಿ ಹೋಗಿ, ಯಜಮಾನರೇ, ಟವೆಲ್ಲಿನ ಅಡಿ ಹಿಡಿದ ಬೆರಳು ಇದೇ ಅಲ್ಲವೇ ಎಂದು ಕೈ ಮುಂದೆ ಮಾಡಿದರಂತೆ. ಅದಕ್ಕೆ ಅವರು ಕೊಟ್ಟ ಉತ್ತರವನ್ನು ಅವರ ಮಾತಿನಲ್ಲೇ ಬರೆಯುತ್ತೇನೆ: “ಆ ಬೆಲೆ ಸೊಪ್ಪು ಮಾರೋ ದ್ರೌಪದಮ್ಮಂಗೆ ಹೇಳಿದ್ದು ಕಣಯ್ಯಾ. ಜೀಪಲ್ಲಿ ಕೂಗಿಸ್ಕೊಂಡ ದ್ರೌಪದಮ್ಮಂಗೆ ಹತ್ತು ಸಾವಿರ.” ನೋಡಿ, ಮಾನ್ಯರೇ, ಒಂಬತ್ತಲ್ಲ, ಹನ್ನೊಂದಲ್ಲ. ತಾವು ಬಾಯಿತುಂಬ ಕೂಗಿದ ಮೊತ್ತ ಎಷ್ಟೋ ಅಷ್ಟೇ. ನೆಲದ ಬೆಲೆ ಕಟ್ಟುವುದಕ್ಕೆ ಸರ್ಕಾರ ಸರ್ವೆಯವರನ್ನು ಇಟ್ಟಿದೆ, ಅಮೀನರನ್ನು ಇಟ್ಟಿದೆ. ಆದರೆ ಒಂದು ಸುತ್ತು ಜೀಪು ಓಡಿಸಿ ಅರ್ಧ ಎಕರೆಯ ಬೆಲೆಯನ್ನು ಎರಡೂವರೆ ಪಟ್ಟು ಮಾಡಿದ ಇಲಾಖೆ ತಮ್ಮದೊಂದೇ. ಟವೆಲ್ಲಿನ ಅಡಿಯ ಮಾತಿಗೆ ಸಾಕ್ಷಿಯಿಲ್ಲ ಎಂಬುದೇ ಅದರ ಘನತೆಯಾಗಿತ್ತು. ತಮ್ಮ ದಯೆಯಿಂದ ಅದೇ ಅದರ ದೋಷವಾಯಿತು.

ಇದರ ನಡುವೆ ಬಂಧುಬಳಗ. ದ್ರೌಪದಮ್ಮನವರಿಗೆ ಇಷ್ಟೊಂದು ಬಂಧುಗಳಿದ್ದಾರೆಂದು ತೋರಿಸಿಕೊಟ್ಟವರೂ ತಾವೇ. ನಮ್ಮಲ್ಲಿ ಮದುವೆಗೆ ಹೋದವರು ಮುಯ್ಯಿ ಹಾಕಬೇಕು; ಹಾಕಿದ್ದನ್ನು ಮೈಕಿನಲ್ಲಿ ಹೆಸರು ಸಮೇತ ಕೂಗುತ್ತಾರೆ; ಅವರ ಮನೆಯಲ್ಲಿ ಕಾರ್ಯವಾದಾಗ ಅದಕ್ಕೆ ತಕ್ಕ ಹಾಗೆ ಇವರು ತಿರುಗಿಸಬೇಕು. ಅವರವರ ಅಂತಸ್ತಿಗೆ ಅವರವರ ಮುಯ್ಯಿ. ತಮ್ಮ ಜೀಪು ಬಂದು ಹೋದ ಮೇಲೆ ಈ ಹೆಂಗಸಿನ ಮನೆ ಬಾಗಿಲಿಗೆ ಬಂದ ಲಗ್ನಪತ್ರಿಕೆಗಳನ್ನು ಹೊಲಿದರೆ ಒಂದು ಹೊದಿಕೆಯಾಗುತ್ತದೆ. ಮದುವೆ, ನಾಮಕರಣ, ಕಿವಿ ಚುಚ್ಚುವುದು, ಮನೆಗೆ ಹೆಂಚು ಹಾಕಿದ್ದು. ಜಕ್ಕೂರಿನ ಒಂದು ಮದುವೆಗೆ ಈಕೆ ಹೋದರು, ಯಾವಾಗಲೂ ಹಾಕುವ ಹಾಗೆ ಐದು ರೂಪಾಯಿ ಹಾಕಿದರು. ಮೈಕು ಹಿಡಿದಿದ್ದವನು ಹೆಸರು ಓದಿ, ಮೊತ್ತ ಓದಿ, ಸ್ವಲ್ಪ ತಡೆದು, “ಸೊನ್ನೆ ಗಿನ್ನೆ ಮರ್ತೋಗೈತೇನೋ, ಇನ್ನೊಂದ್ಕಿತ ನೋಡವ್ವಾ” ಎಂದ. ಚಪ್ಪರಕ್ಕೆ ಚಪ್ಪರವೇ ನಕ್ಕಿತು. ದ್ರೌಪದಮ್ಮನವರು ಎಲೆಯ ಮುಂದೆ ಕೂರದೆ, ಬಿಸಿಲಲ್ಲಿ ಕೆರೆಯ ಏರಿಯ ಮೇಲೆ ನಡೆದು ಊರಿಗೆ ಬಂದರು. ಮೆಹಬೂಬ್ ಬೀ ಮಾರನೆಯ ದಿನ ಇದನ್ನು ಕೇಳಿ, “ಅವ್ರಿಗೆ ಏನಂತ ಹೇಳ್ಬೇಕಿತ್ತು ಗೊತ್ತಾ ಅಕ್ಕಾ, ಸೊನ್ನೆ ಲಾಟ್ರಿಯೋರ ಹತ್ರ ಐತೆ, ತರಿಸ್ಕೊಳ್ಳಿ ಅನ್ನಬೇಕಿತ್ತು” ಎಂದರಂತೆ. ಆ ಮಾತಿಗೆ ಈಕೆ ನಕ್ಕರು ಎಂದು ಕೇಳಿದೆ. ಜೀಪು ಬಂದ ಮೇಲೆ ನಕ್ಕದ್ದು ಅದೊಂದೇ ಸಲ.

ಇನ್ನು ತಮ್ಮ ಛಾಯಾಚಿತ್ರ. ಇದರ ಮುಂದೆ ಮೇಲಿನದೆಲ್ಲ ಸಣ್ಣದು. ಜೀಪಿನ ದಿನವೇ ತಾವು ಹಾರ ಹಿಡಿದುಕೊಂಡು ತೋಟಕ್ಕೇ ದಯಮಾಡಿಸಿದಿರಿ. ನಾನೂ ಅಲ್ಲೇ ಬದುವಿನ ಮೇಲೆ ನಿಂತಿದ್ದೆ. ಹಾರ ಹಾಕಿಸಿಕೊಂಡ ದ್ರೌಪದಮ್ಮನವರನ್ನು ಬಾವಿಯ ಕಟ್ಟೆಗೆ ಕರೆದೊಯ್ದು, ಬಿಂದಿಗೆ ಎತ್ತಿಸಿ, ಇಳಿಸಿ, ಮತ್ತೆ ಎತ್ತಿಸಿ, ನೀರು ಹೊಳೆಯುವ ಹಾಗೆ ಕ್ಯಾಮೆರಾದವರಿಗೆ ಜಾಗ ತೋರಿಸಿದಿರಿ. ಹಿಂದೆ ದಂಟಿನ ಮಡಿಗಳು ಕಾಣಬೇಕೆಂದು ಹೇಳಿದಿರಿ. ಆಗ ಈ ಹೆಂಗಸು, ತಾವು ಕೇಳದೆಯೇ, ತಮಗೆ ತಪ್ಪು ತಿಳಿವಳಿಕೆಯಾಗಬಾರದೆಂದು ಹೇಳಿದ ಮಾತು ನೆನಪಿದೆಯೇ? “ಸ್ವಾಮೀ, ಇದು ನಂದಲ್ಲ. ನರಸಿಂಹಯ್ಯೋರ್ದು. ನಾನು ಗೇಣಿಗೆ ಮಾಡ್ತಿವ್ನಿ.” ಅದಕ್ಕೆ ತಾವು ಕರ್ಚೀಫಿನಿಂದ ಬೂಟಿನ ಮೇಲಿನ ಕೆಸರು ಒರೆಸಿಕೊಳ್ಳುತ್ತಾ, “ಗೇಣಿ ಅಂತೆಲ್ಲ ಬರೆದ್ರೆ ಜನಕ್ಕೆ ಹುಮ್ಮಸ್ಸು ಬರಲ್ಲಮ್ಮ” ಎಂದಿರಿ.

ಹುಮ್ಮಸ್ಸು ಬರಲೆಂದೇ ತಾವು ಅಚ್ಚು ಹಾಕಿಸಿದಿರಿ. ತಮ್ಮ ಪ್ರಚಾರದ ಹಾಳೆ ಹೆಬ್ಬಾಳದ ಬಸ್ ಸ್ಟಾಪಿನಲ್ಲಿ, ಯಶವಂತಪುರದ ಸ್ಟೇಷನ್ನಿನ ಎದುರು, ಯಲಹಂಕದ ಸಂತೆಯ ಗೋಡೆಯ ಮೇಲೆ ಏಕಕಾಲಕ್ಕೆ ಮೈತಳೆಯಿತು. ಬಾವಿ, ಬಿಂದಿಗೆ, ಹಾರ, ನಗಬೇಕೋ ಬೇಡವೋ ತಿಳಿಯದ ಒಂದು ಮುಖ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ: “ತಮ್ಮ ಸ್ವಂತ ತೋಟದಲ್ಲಿ ಭಾಗ್ಯವಂತೆ ಶ್ರೀಮತಿ ದ್ರೌಪದಮ್ಮ. ಇವರಿಗೆ ಬಂತು, ನಿಮಗೂ ಬರಬಹುದು.”

ಯಲಹಂಕದ ಸಂತೆಯಲ್ಲಿ ನರಸಿಂಹಯ್ಯನವರು ಆ ಗೋಡೆಯ ಮುಂದೆ ಬಹಳ ಹೊತ್ತು ನಿಂತಿದ್ದರೆಂದು ನೋಡಿದವರು ಹೇಳಿದರು. ಬೇಸಾಯ ಮಾಡುವವರಿಗೆ ನೆಲದ ಮೇಲೆ ಒಂದಿಷ್ಟು ಹಕ್ಕಿದೆ ಎಂದು ಈಗ ಕಾನೂನು ಬಂದಿರುವುದು ಯಜಮಾನರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಸ್ವಂತ ತೋಟ ಎಂದು ಅಚ್ಚಾಗಿಬಿಟ್ಟಿದೆ, ನಾಳೆ ಇವಳು ಇದನ್ನೇ ಹಿಡಿದುಕೊಂಡು ಹಕ್ಕು ಕೇಳಿದರೆ ಏನು ಗತಿ ಎಂದು ಲೆಕ್ಕ ಹಾಕಿದರು. ಮೂರನೆಯ ದಿನ ಕಲ್ಲುಕಂಬ ಬಂತು, ಮುಳ್ಳುತಂತಿ ಬಂತು. ಬಾವಿಯ ದಾರಿಗೆ ಅಡ್ಡ ಗೇಟು, ಗೇಟಿಗೆ ಬೀಗ. ಹತ್ತು ಸಾವಿರಕ್ಕೂ ಕೊಡುವುದಿಲ್ಲ, ಪಟ್ಟಣದ ಮನೆ ಕಟ್ಟುವ ಸಂಘದವರು ಕೇಳಿದ್ದಾರೆ, ಅವರಿಗೆ ಕೊಡುತ್ತೇನೆ, ಈ ಹೆಂಗಸು ಯಾರೋ ನನಗೆ ಗೊತ್ತಿಲ್ಲ, ಆಗೀಗ ಕೂಲಿಗೆ ಬರುತ್ತಿದ್ದಳು ಎಂದರು. ಅಷ್ಟು ವರ್ಷ ಅವರ ಮನೆಗೆ ಗೇಣಿ ಹೊತ್ತುಕೊಂಡು ಹೋದವರು ಒಂದು ಭಿತ್ತಿಪತ್ರದಿಂದ ಅಪರಿಚಿತರಾದರು. ಹೆಸರು ಇಷ್ಟು ಪ್ರಸಿದ್ಧಿಗೆ ಬಂದ ಮೇಲೆ ಗುರುತೇ ಸಿಗದಂತಾದವರು ನಮ್ಮ ತಾಲ್ಲೂಕಿನಲ್ಲಿ ಇವರೊಬ್ಬರೇ ಇರಬೇಕು. ಈಗ ಈಕೆ ಬೆಳಗ್ಗೆ ಎದ್ದು ತಂತಿಯ ಈಚೆ ನಿಲ್ಲುತ್ತಾರೆ. ಆಚೆ ದಂಟು ನೀರಿಲ್ಲದೆ ಬಲಿತು, ತೆನೆ ಬಿಟ್ಟು, ಒಣಗುತ್ತಿದೆ. ಬ್ಯಾಂಕಿನಲ್ಲಿ ಹತ್ತು ಸಾವಿರವಿದೆ. ಬೀಜ ಎರಚುವುದಕ್ಕೆ ಒಂದು ಮೊರದಷ್ಟು ಮಣ್ಣಿಲ್ಲ.

ನಮ್ಮ ಸಂಘ ಆಗಲೇ ತಮ್ಮ ಕಚೇರಿಗೆ ಒಂದು ಪತ್ರ ಬರೆದಿತ್ತು. ಗೆದ್ದವರು ಬೇಡವೆಂದರೆ ಅವರ ಹೆಸರು ಪ್ರಕಟಿಸಬಾರದು ಎಂದು ಕೇಳಿದ್ದೆವು. ವಿಜೇತರ ಹೆಸರು, ವಿಳಾಸ, ಭಾವಚಿತ್ರಗಳನ್ನು ಪ್ರಕಟಿಸುವುದು ಸಾರ್ವಜನಿಕರ ವಿಶ್ವಾಸದ ದೃಷ್ಟಿಯಿಂದ ಅನಿವಾರ್ಯ, ಇದರಲ್ಲಿ ಯಾರಿಗೂ ವಿನಾಯಿತಿ ಇಲ್ಲ ಎಂದು ತಾವು ಉತ್ತರ ದಯಪಾಲಿಸಿದಿರಿ. ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಹಿಂದೊಮ್ಮೆ ನಮ್ಮ ಪಕ್ಕದ ಊರಿನಲ್ಲೇ ಒಂದು ಸೈಕಲ್ಲಿಗೆ ಚೀಟಿ ಎತ್ತಿದರು. ಗೆದ್ದವರಾರೆಂದು ಯಾರೂ ಹೇಳಲಿಲ್ಲ. ಆರು ತಿಂಗಳಾದ ಮೇಲೆ ಚೀಟಿ ಎತ್ತಿದವನ ಭಾವಮೈದ ಅದೇ ಸೈಕಲ್ಲು ತುಳಿಯುತ್ತಿದ್ದ. ಕತ್ತಲಲ್ಲಿ ಹಂಚಿದ ಹಣ ಹೆಚ್ಚಾಗಿ ಹಂಚುವವರ ಮನೆಗೇ ಸೇರುತ್ತದೆ ಎಂಬುದನ್ನು ಚಳವಳಿಯಲ್ಲಿ ಲಾಠಿ ತಿಂದ ನಮಗೆ ಯಾರೂ ಕಲಿಸಬೇಕಾಗಿಲ್ಲ. ಜನಕ್ಕೆ ಲೆಕ್ಕ ಬೇಕು, ನಿಜ. ಆದರೆ ಲೆಕ್ಕ ಕೊಡಬೇಕಾದವರು ತಾವು. ಟಿಕೆಟ್ಟು ಎಷ್ಟು ಮಾರಿದಿರಿ, ಏಜೆಂಟರಿಗೆ ಎಷ್ಟು, ಜೀಪಿಗೆ ಎಷ್ಟು, ಯಾವ ಆಸ್ಪತ್ರೆಯ ಸಹಾಯಾರ್ಥವೋ ಆ ಆಸ್ಪತ್ರೆಗೆ ಎಷ್ಟು ಇಟ್ಟಿಗೆ ತಲುಪಿತು, ಅದನ್ನು ಕೂಗಿ. ಗೆದ್ದ ನಂಬರನ್ನು ಕೂಗಿ. ಗೆದ್ದವರು ಯಾರೆಂದು ಲೆಕ್ಕ ಪರಿಶೋಧಕರು ನೋಡಿ ಸಹಿ ಹಾಕಲಿ, ಅದಕ್ಕೇ ಅವರಿಗೆ ಸಂಬಳ. ತಾವು ಕಳ್ಳರಲ್ಲ ಎಂದು ಊರಿಗೆ ತೋರಿಸುವುದಕ್ಕೆ ಸೊಪ್ಪು ಮಾರುವ ಹೆಂಗಸನ್ನು ಬಾವಿಕಟ್ಟೆಯ ಮೇಲೆ ನಿಲ್ಲಿಸಬೇಕೇ? ನಾವು ವೋಟು ಹಾಕುವಾಗ ಯಾರೂ ಇಣುಕಬಾರದೆಂದು ಸರ್ಕಾರ ಗೋಣಿಪಟ್ಟೆಯ ಮರೆ ಕಟ್ಟುತ್ತದೆ. ದೇಶವನ್ನೇ ಆಳುವವರನ್ನು ಮರೆಯಲ್ಲಿ ಆರಿಸಬಹುದಂತೆ, ವಿಧವೆಯೊಬ್ಬಳು ಮರೆಯಲ್ಲಿ ಹತ್ತು ಸಾವಿರ ಇಟ್ಟುಕೊಳ್ಳುವಂತಿಲ್ಲವಂತೆ.

ಆದರೂ ನಾನು ತಮ್ಮ ನಿಯಮಕ್ಕೆ ತಲೆಬಾಗಿಸಲು ಸಿದ್ಧನಾಗಿದ್ದೆ. ಯಾರಿಗೂ ವಿನಾಯಿತಿ ಇಲ್ಲ ಎಂಬ ಮಾತಿನಲ್ಲಿ ಒಂದು ಸಮತಾವಾದವಿದೆ, ನಮಗೆ ಅದು ಇಷ್ಟ. ಹಾಗೆಂದುಕೊಂಡೇ ಹೆಬ್ಬಾಳದ ಬಸ್ ಸ್ಟಾಪಿನಲ್ಲಿ ಆ ಹಾಳೆಯನ್ನು ಇನ್ನೊಮ್ಮೆ ಪೂರ್ತಿ ಓದಿದೆ. ದ್ರೌಪದಮ್ಮನವರ ಚಿತ್ರದ ಮೇಲುಗಡೆ ಮೊದಲನೆಯ ಬಹುಮಾನ, ಅರ್ಧ ಲಕ್ಷ ರೂಪಾಯಿ. ಅಲ್ಲಿ ಚಿತ್ರವಿರಬೇಕಾದ ಜಾಗದಲ್ಲಿ ಲಕ್ಷ್ಮಿಯ ಪಟ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ: “ಹೆಸರು ಹೇಳಲು ಇಚ್ಛಿಸದ ಮಹನೀಯರೊಬ್ಬರು, ಬೆಂಗಳೂರು.”

ಮಾನ್ಯರೇ, ಆ ಸಾಲಿನ ಮುಂದೆ ನಾನೂ ನರಸಿಂಹಯ್ಯನವರಷ್ಟೇ ಹೊತ್ತು ನಿಂತೆ. ಆ ಮಹನೀಯರು ಇಚ್ಛಿಸಲಿಲ್ಲ, ತಾವು ಒಪ್ಪಿದಿರಿ. ದ್ರೌಪದಮ್ಮನವರ ಇಚ್ಛೆಯನ್ನು ತಾವು ಕೇಳಲೇ ಇಲ್ಲ. ಅರ್ಧ ಲಕ್ಷದ ಮೇಲೆ ಸಾರ್ವಜನಿಕರಿಗೆ ತಾನಾಗಿಯೇ ವಿಶ್ವಾಸ ಹುಟ್ಟುತ್ತದೆಂದೂ, ಹತ್ತು ಸಾವಿರವಾದರೆ ಹೆಸರು, ಗಂಡನ ಹೆಸರು, ಬಿಂದಿಗೆ ಎಲ್ಲ ಸೇರಿದ ಮೇಲಷ್ಟೇ ಹುಟ್ಟುತ್ತದೆಂದೂ ನಾನು ತಿಳಿಯಬೇಕೇ? ಆ ಮಹನೀಯರ ಬೀದಿಗೆ ಜೀಪು ಹೋಗಲಿಲ್ಲವಲ್ಲ, ಅಲ್ಲಿ ಎಮ್ಮೆಗಳು ಬೆದರುತ್ತವೆಂದು ಇರಬಹುದು.

ಇಷ್ಟಾದ ಮೇಲೆ ನಮ್ಮ ಕೆಲವು ಕೋರಿಕೆಗಳನ್ನು ತಮ್ಮ ಮುಂದಿಡುತ್ತಿದ್ದೇನೆ. ಪ್ರಚಾರದಿಂದ ವಿಶ್ವಾಸ ಹೆಚ್ಚುವುದಾದರೆ ಸೋತವರ ಹೆಸರನ್ನೂ ಸಾರುವಂತಾಗಲಿ. ಪ್ರತಿ ಡ್ರಾ ಆದ ಮೇಲೆ ಜೀಪು ಮನೆಮನೆಯ ಮುಂದೆ ನಿಂತು, ಈ ಮನೆಯ ಯಜಮಾನರಿಗೆ ಈ ಸಲವೂ ಏನೂ ಬಂದಿಲ್ಲ, ಹಾಕಿದ ರೂಪಾಯಿ ಹೋಯಿತು ಎಂದು ಅದೇ ಮಧುರ ಕಂಠದಲ್ಲಿ ಹೇಳಲಿ. ಪೆಟ್ರೋಲು ಸ್ವಲ್ಪ ಹೆಚ್ಚು ಬೇಕಾದೀತು. ತಮ್ಮ ಸಂಬಳದ ದಿನ ತಮ್ಮ ಬೀದಿಯಲ್ಲಿ ತಮಟೆ ಬಾರಿಸಿ ಮೊತ್ತವನ್ನು ಸಾರಿ, ಹಾರ ಹಾಕಿ, ತಮ್ಮ ಮನೆಯ ನಲ್ಲಿಯ ಮುಂದೆ ತಮ್ಮ ಚಿತ್ರ ತೆಗೆಸುವ ವೆಚ್ಚವನ್ನು ನಮ್ಮ ಸಂಘ ಚಂದಾ ಎತ್ತಿ ಭರಿಸುತ್ತದೆ. ಇದಾವುದೂ ಆಗದಿದ್ದರೆ, ಕೂಗಿದ್ದನ್ನು ವಾಪಸು ತೆಗೆದುಕೊಳ್ಳಿ. ಜೀಪನ್ನು ಕೊಡಿಗೇಹಳ್ಳಿಯಿಂದ ಹೆಬ್ಬಾಳದ ಗೇಟಿನವರೆಗೆ ಹಿಂದುಹಿಂದಕ್ಕೆ ಓಡಿಸಿ. ಧ್ವನಿವರ್ಧಕಗಳು ತಾವೇ ಉಗುಳಿದ ಒಂದೊಂದು ಮಾತನ್ನೂ ಮನೆಗಳ ಸೂರಿನಿಂದ, ಹುಣಸೆಮರಗಳಿಂದ, ಬಂಧುಗಳ ಕಿವಿಗಳಿಂದ ಹೀರಿ ನುಂಗಿಕೊಳ್ಳಲಿ. ಎಮ್ಮೆಗಳು ಹಿಮ್ಮುಖವಾಗಿ ನಡೆದು ಬಂದು ತಮ್ಮ ಗೂಟಕ್ಕೆ ಸೇರಲಿ. ನರಸಿಂಹಯ್ಯನವರ ಬೆರಳು ಮತ್ತೆ ಟವೆಲ್ಲಿನ ಅಡಿ ಹೋಗಿ ನಾಲ್ಕಕ್ಕೆ ನಿಲ್ಲಲಿ.

ಆಗುವುದಿಲ್ಲ ಎನ್ನುತ್ತೀರಿ. ಗೊತ್ತು. ಆಗುವಂಥದ್ದೂ ಒಂದಿದೆ, ಈ ಪತ್ರವನ್ನು ಅದಕ್ಕಾಗಿಯೇ ಬರೆದದ್ದು.

ಬರುವ ಶುಕ್ರವಾರ ಗೇಣಿ ನ್ಯಾಯಾಲಯದಲ್ಲಿ ದ್ರೌಪದಮ್ಮನವರ ಗೇಣಿ ಹಕ್ಕಿನ ಅರ್ಜಿಯ ವಿಚಾರಣೆ ಇದೆ. ತಾನು ಆ ನೆಲದಲ್ಲಿ ಬೇಸಾಯ ಮಾಡುತ್ತಿದ್ದೆ ಎಂಬುದಕ್ಕೆ ಅವರ ಕೈಯಲ್ಲಿ ರಸೀತಿಯಿಲ್ಲ, ಪಹಣಿಯಲ್ಲಿ ಹೆಸರಿಲ್ಲ. ಆ ತೋಟವನ್ನೂ ಅವರ ಹೆಸರನ್ನೂ ಒಟ್ಟಿಗೆ ಬರೆದಿರುವ ಕಾಗದ ಲೋಕದಲ್ಲಿ ಒಂದೇ ಒಂದು, ತಮ್ಮ ಪ್ರಚಾರದ ಹಾಳೆ. ಅದನ್ನೇ ಗೋಡೆಯಿಂದ ಬಿಡಿಸಿ ತೆಗೆದುಕೊಂಡು ಹೋಗಿದ್ದೆವು. ಅಲ್ಲಿನ ಗುಮಾಸ್ತರು ಓದಿ, ಸ್ವಂತ ತೋಟ ಅಂತ ಇದೆಯಲ್ಲಮ್ಮ, ಸ್ವಂತದ್ದಾದರೆ ಗೇಣಿಯ ಅರ್ಜಿ ಯಾಕೆ, ಸ್ವಂತದ್ದಲ್ಲವಾದರೆ ಈ ಕಾಗದ ಸುಳ್ಳು ಎಂದು ಮಡಿಸಿ ವಾಪಸು ಕೊಟ್ಟರು. ಊರಿನವ ನಾನು ಹೇಳಿದರೆ ಸಂಘದವನು, ಪಕ್ಷಪಾತಿ. ವೆಂಕಟಸ್ವಾಮಿ ಹೇಳಿದರೆ ದಲ್ಲಾಳಿ. ನರಸಿಂಹಯ್ಯನವರ ನೆಲದಲ್ಲಿ ಇರುವ ಮಿಕ್ಕ ಗೇಣಿದಾರರು ಹೇಳಿದರೆ ಅವರ ತೋಟಕ್ಕೂ ತಂತಿ ಬರುತ್ತದೆ.

ತಾವು ಆ ಬಾವಿಕಟ್ಟೆಯ ಮೇಲೆ ನಿಂತಿದ್ದಿರಿ. ಆ ಮಡಿಗಳು ಯಾರವೆಂದು ತಮ್ಮ ಕಣ್ಣಾರೆ ಕಂಡಿರಿ. ಗೇಣಿಗೆ ಮಾಡುತ್ತಿದ್ದೇನೆ ಎಂಬ ಮಾತನ್ನು ಅವರ ಬಾಯಿಂದಲೇ ಕೇಳಿ, ಬೇಕೆಂದೇ ಬಿಟ್ಟಿರಿ. ಇಡೀ ತಾಲ್ಲೂಕಿನಲ್ಲಿ ನರಸಿಂಹಯ್ಯನವರಿಗೆ ಹೆದರಬೇಕಾಗಿಲ್ಲದ ಸಾಕ್ಷಿ ತಾವೊಬ್ಬರೇ. ಶುಕ್ರವಾರ ಬನ್ನಿ. ಜೀಪಿನಲ್ಲೇ ಬನ್ನಿ. ಮೈಕು ಬೇಡ, ಹಾರ ಬೇಡ, ಕ್ಯಾಮೆರಾ ಬೇಡ. ವಿಚಾರಣೆಯ ಕೋಣೆ ಚಿಕ್ಕದು, ಮೆಲ್ಲಗೆ ಹೇಳಿದರೂ ಕೇಳಿಸುತ್ತದೆ: ಕೊಡಿಗೇಹಳ್ಳಿಯ ಚಿಕ್ಕಹನುಮಯ್ಯನವರ ಹೆಂಡತಿ ದ್ರೌಪದಮ್ಮ ಆ ನೆಲದಲ್ಲಿ ಗೇಣಿಗೆ ಬೇಸಾಯ ಮಾಡುತ್ತಿದ್ದದ್ದನ್ನು ನಾನು ನೋಡಿದ್ದೇನೆ. ಹೇಳಬಾರದ ಕಡೆಯಲ್ಲೆಲ್ಲ ಆ ಹೆಸರನ್ನು ಕೂಗಿ ಅಭ್ಯಾಸವಾಗಿರುವ ತಮಗೆ ಹೇಳಬೇಕಾದ ಒಂದು ಕಡೆ ಹೇಳುವುದು ಕಷ್ಟವಾಗಲಾರದು. ದ್ರೌಪದಮ್ಮನವರಿಗೆ ಇದನ್ನು ಓದಿ ಹೇಳಿದೆ. ಅವರು, ಬರ್ತಾರಾ ಅಣ್ಣಾ ಎಂದು ಕೇಳಿದರು.

ತಮ್ಮ ವಿಶ್ವಾಸಿಯಾಗಿರಲು ಶುಕ್ರವಾರದವರೆಗೂ ಪ್ರಯತ್ನಿಸುವ,
ಮುನಿಆಂಜಿನಪ್ಪ
ಕಾರ್ಯದರ್ಶಿ, ಸೊಪ್ಪುತೋಟದ ಗೇಣಿದಾರರ ಸಂಘ, ಕೊಡಿಗೇಹಳ್ಳಿ

ತಾ.ಕ.: ದ್ರೌಪದಮ್ಮನವರಿಗೆ ಬಂದಿರುವ ಲಗ್ನಪತ್ರಿಕೆಗಳನ್ನೆಲ್ಲ ಕಟ್ಟು ಮಾಡಿ ಇದರ ಜೊತೆಗೆ ಕಳಿಸಿದ್ದೇನೆ. ಮುಯ್ಯಿ ಹಾಕುವುದಕ್ಕೆ ಅವರಿಗಿಂತ ಐದು ಪಟ್ಟು ಹೆಚ್ಚು ಯೋಗ್ಯತೆಯುಳ್ಳವರು ಆ ಹೆಸರು ಹೇಳಲು ಇಚ್ಛಿಸದ ಮಹನೀಯರು. ದಯವಿಟ್ಟು ಅವರಿಗೆ ತಲುಪಿಸಿ, ಸೊನ್ನೆ ಮರೆಯಬಾರದೆಂದೂ ತಿಳಿಸಿ. ಅವರ ಮನೆ ಎಲ್ಲಿ ಎಂಬುದು ನಮಗೆ ಗೊತ್ತಿಲ್ಲ, ತಮಗೆ ಗೊತ್ತಿದೆ.